ಕೈಬರಹದ ಫಾಂಟು ಎಲ್ಲಿಗೆ ಹೊಂದುತ್ತೆ? ಅಕ್ಕನಿಗೆ ಕೇಳಿ

ಅಕ್ಷರ ವಿನ್ಯಾಸ ಮಾಡುವ ಬಾಗಲಕೋಟೆಯ ಅಕ್ಕ ಇವತ್ತು ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಕೇಳುವವರನ್ನು ಅವರ ಊರ ಹೆಸರಿನಿಂದ ಗುರುತಿಸಿದೆ.

ಜಮಖಂಡಿ: ಅಕ್ಕಾರೆ, ತಂಗಿಯ ಮದುವೆ ಕಾರ್ಡು ಪೂರ್ತಿ ಕೈಬರಹದ ಫಾಂಟಿನಲ್ಲಿ ಮಾಡಿಸಬಹುದಾ?

ಅಕ್ಕ: ಮದುಮಕ್ಕಳ ಹೆಸರಿಗೆ ಮಾತ್ರ ಹಾಕಿಸಿ. ಮುಹೂರ್ತ, ಮಂಟಪದ ವಿಳಾಸ ಸಾದಾ ಅಕ್ಷರದಲ್ಲಿರಲಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಇಲ್ಲದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಗಲುತ್ತದೆ.

ಅಥಣಿ: ಇಂಗ್ಲಿಷ್ ಹೆಸರು ಪೂರ್ತಿ ಕ್ಯಾಪಿಟಲ್‌ನಲ್ಲಿ?

ಅಕ್ಕ: ಬೇಡ. ಬಾಲಕ್ಕೆ ಬಾಲ ಸಿಕ್ಕಿಕೊಂಡು ಓದಲು ಬರುವುದಿಲ್ಲ.

ಮುಧೋಳ: ಫಾರ್ವರ್ಡ್ ಬಂದಿದೆ. 'ಈ ಆ್ಯಪ್ ಹಾಕಿಕೊಂಡರೆ 5000 ಸ್ಟೈಲಿಶ್ ಫಾಂಟು ಉಚಿತ.'

ಅಕ್ಕ: ಯಾರೂ ಹಾಕಿಕೊಳ್ಳಬೇಡಿ. ಗೊತ್ತಿಲ್ಲದ ಆ್ಯಪ್‌ನಿಂದ ಫೋನೇ ಕೆಡಬಹುದು. ವಾಟ್ಸಾಪಿನ ಆ ಬಳುಕುವ ಇಂಗ್ಲಿಷ್ ಅಕ್ಷರ ಫಾಂಟೇ ಅಲ್ಲ. 2001ರಲ್ಲಿ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಗೆ, ಸೇರಿಸಿದ ಗಣಿತದ ಚಿಹ್ನೆಗಳು. ಕನ್ನಡಕ್ಕೆ ಅಂಥವು ಇಲ್ಲ.

ಗೋಕಾಕ: ಚಿನ್ನದ ಫಾಯಿಲ್ ಒತ್ತಿಸಲು ಗೆರೆ ಎಷ್ಟು ದಪ್ಪ ಇರಬೇಕು?

ಇಳಕಲ್: ತೀರಿಹೋದ ಅವ್ವನ ಹೆಸರನ್ನು ನಮ್ಮೂರ ಕೆಂಪು ಗ್ರಾನೈಟಿನಲ್ಲಿ ಕೆತ್ತಿಸುತ್ತಿದ್ದೇವೆ. ಹೆಸರಿನ ಕೊನೆಗೆ 'ವ್ವ' ಬರುತ್ತದೆ. ತೆಳ್ಳನೆ ಬಳ್ಳಿಯಂಥ ಫಾಂಟು ತೋರಿಸಿದ್ದಾರೆ. ನಾಳೆ ಒಪ್ಪಿಗೆ ಕೊಡಬೇಕು.

ಅಕ್ಕ: ನಾಳೆ ಕೊಡಬೇಡಿ, ದಯವಿಟ್ಟು. ಈ ಫಾಂಟುಗಳ ಚೆಲುವೆಲ್ಲ ದಪ್ಪ ಗೆರೆ ಕೂದಲೆಳೆಯಷ್ಟು ತೆಳುವಾಗುತ್ತ ಹೋಗುವುದರಲ್ಲಿದೆ. ಕಾಗದದ ಮೇಲೆ ಆ ಎಳೆ ಕಾಣುತ್ತದೆ. ನಿಮ್ಮ ಕಲ್ಲಿನಲ್ಲಿ ಹರಳು ಹರಳಾಗಿ ಬಣ್ಣ ಬೆರೆತಿದೆ, ಎಳೆ ಅದರಲ್ಲೇ ಕಳೆದುಹೋಗುತ್ತದೆ. ಒತ್ತಿನ 'ವ' ಮೊದಲೇ ಚಿಕ್ಕದು. ಅದು ಮಾಸಿದರೆ 'ವ್ವ' ಹೋಗಿ ಬರೀ 'ವ' ಉಳಿಯುತ್ತದೆ. ಅವ್ವನ ಹೆಸರು ಹಾಗಾಗಬಾರದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೋಡಿ ಬನ್ನಿ. ಸುಮಾರು 1300 ವರ್ಷವಾದರೂ ಅಕ್ಷರ ನಿಂತಿದೆ. ಕಲ್ಲಿಗೆ ಬೇಕಾದದ್ದು ಒಂದೇ ದಪ್ಪದ, ಆಳದ ಗೆರೆ. ಗೂಗಲ್ ಫಾಂಟ್ಸ್‌ನಲ್ಲಿ 'ಹುಬ್ಬಳ್ಳಿ' ಅನ್ನುವ ಉಚಿತ ಕನ್ನಡ ಫಾಂಟಿದೆ. ಗೆರೆ ಒಂದೇ ಸಮ, ಕೈಬರಹದ ಸಲಿಗೆಯೂ ಇದೆ. ಅದನ್ನು ಸ್ವಲ್ಪ ದಪ್ಪ ಮಾಡಿಸಿ, ಪೂರ್ತಿ ಅಳತೆಗೆ ಪ್ರಿಂಟ್ ತೆಗೆದು ಕಲ್ಲಿಗೆ ಅಂಟಿಸಿ. ಹತ್ತು ಅಡಿ ದೂರ ನಿಂತು ಓದಿ ನೋಡಿ. ಅವ್ವನ ಸಹಿ ಇರುವ ಪಾಸ್‌ಬುಕ್ ಇದೆಯಾ? ಇದ್ದರೆ ಅದನ್ನೇ ದೊಡ್ಡದು ಮಾಡಿಕೊಡುತ್ತೇನೆ.

ಇಳಕಲ್: ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು, ಅಕ್ಕಾರೆ.

ಅಕ್ಕ: ಹಾಗಾದರೆ ನಾನೇ ಕೈಯಲ್ಲಿ ಬರೆದು ಕಳಿಸುತ್ತೇನೆ. ದುಡ್ಡು ಬೇಡ. ಕಲ್ಲಿನ ಅಳತೆ ಹೇಳಿ.

ವಿಜಯಪುರ: ಇಷ್ಟೆಲ್ಲ ಯಾಕೆ? ಹಳೇ ನುಡಿ ಫಾಂಟು ಸಾಕು.

ಬೈಲಹೊಂಗಲ: ಹಳೇ ನುಡಿ ಯೂನಿಕೋಡ್ ಅಲ್ಲ. ಅದರಲ್ಲಿ ಟೈಪ್ ಮಾಡಿದ್ದಕ್ಕೆ ಯೂನಿಕೋಡ್ ಫಾಂಟು ಹಾಕಿ ನೋಡಿ, ಬರೀ ಇಂಗ್ಲಿಷ್ ಅಕ್ಷರ ಬರುತ್ತೆ.

ವಿಜಯಪುರ: ಇಪ್ಪತ್ತು ವರ್ಷ ಪ್ರೆಸ್ ನಡೆಸಿದ್ದೇನೆ. ನನಗೆ ಪಾಠ ಬೇಡ.

ಬೈಲಹೊಂಗಲ: ನಮ್ಮ ಮನೆ ಕಾರ್ಡು ಹೀಗೇ ಕೆಟ್ಟಿತ್ತು. ಇನ್ನೂರು ಪ್ರತಿ ಬಿಸಾಕಿದೆವು. ಅದಕ್ಕೇ ಹೇಳಿದೆ.

ವಿಜಯಪುರ: ಅದು ನಿಮ್ಮ ಪ್ರೆಸ್ಸಿನವರ ತಪ್ಪು.

ತೇರದಾಳ: ಮದುವೆ ಕಾರ್ಡಿಗೆ ಪೂರ್ತಿ ಕೈಬರಹ ನಡೆಯುತ್ತಾ?

ಅಕ್ಕ: ಮೇಲೆ ಓದಿ. ಹೆಸರಿಗೆ ಮಾತ್ರ.

ಮುಧೋಳ: 'ಈ ಆ್ಯಪ್ ಹಾಕಿಕೊಂಡರೆ 5000...'

ಅಕ್ಕ: ಎರಡನೇ ಸಲ ಹಾಕಿದ್ದೀರಿ. ಈಗಲೇ ಅಳಿಸಿ. ನುಡಿ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಇಳಕಲ್‌ನವರೇ, ಅಳತೆ ಇನ್ನೂ ಬಂದಿಲ್ಲ.