ದೇವರಾಜ ಮಾರುಕಟ್ಟೆ: ದುರಸ್ತಿಯೋ, ನೆಲಸಮವೋ?

ಅಗ್ರಹಾರ ನಿವಾಸಿ:
ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಬಿತ್ತು. ಇವೆರಡನ್ನೂ ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಆಡಳಿತದ ನಿಲುವು; ಇರುವುದನ್ನೇ ಬಲಪಡಿಸಬೇಕೆಂಬುದು ಪರಂಪರೆಯ ಸಂರಕ್ಷಣೆಗಾಗಿ ದುಡಿಯುವ ಸಂಸ್ಥೆಯಾದ ಇಂಟ್ಯಾಕ್ ಮತ್ತು ನಾಗರಿಕರ ಆಗ್ರಹ. ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. ಹಳೆಯ ರೂಪವನ್ನು ಕಾಂಕ್ರೀಟಿನಲ್ಲಿ ಮರುಸೃಷ್ಟಿಸಿದರೆ ಪರಂಪರೆ ಉಳಿದಂತಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ.

ಸಿವಿಲ್ ಎಂಜಿನಿಯರ್:
ತಮ್ಮ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಪ್ರತಿದಿನ ಸಾವಿರಾರು ಜನ ಓಡಾಡುವ ಸ್ಥಳದಲ್ಲಿ ಗೋಡೆಯ ಬಲವನ್ನು ಊಹೆಯ ಮೇಲೆ ಬಿಡಲಾಗದು. ನಾಲ್ಕು ಜೀವ ಹೋದ ಊರಿನಲ್ಲಿ ಅಧಿಕಾರಿಗಳು ಭಯಪಡುವುದು ಸಹಜವಲ್ಲವೇ? ಇನ್ನೊಮ್ಮೆ ಕುಸಿದರೆ ಹೊಣೆ ಹೊರುವವರು ನಾವಾಗಲೀ ತಾವಾಗಲೀ ಅಲ್ಲ.

ಸಂರಕ್ಷಣಾ ವಾಸ್ತುಶಿಲ್ಪಿ:
ಊಹೆ ಬೇಡವೆಂದೇ ನಾವೂ ಹೇಳುತ್ತಿರುವುದು. ಸುಣ್ಣದ ಗಾರೆಯಿಂದ ಕಟ್ಟಿದ ಇಟ್ಟಿಗೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಗಾರೆ ಸಡಿಲವಾಗುತ್ತದೆ. ಮಳೆನೀರಿನ ದೋಣಿಗಳು ಕಟ್ಟಿಕೊಳ್ಳುತ್ತವೆ, ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಡುತ್ತದೆ, ಅಂಗಡಿಯೊಳಗೆ ಅಟ್ಟ ಕಟ್ಟಿ ಮೂಟೆಗಟ್ಟಲೆ ಸರಕು ಪೇರಿಸುತ್ತಾರೆ. ಇವುಗಳಲ್ಲಿ ಯಾವುದೂ ಕಟ್ಟಡದ ವಯಸ್ಸಿನಿಂದ ಬಂದ ದೋಷವಲ್ಲ, ಎಲ್ಲವೂ ನಿರ್ವಹಣೆಯ ಲೋಪ. ಒಂದೊಂದು ಅಂಕಣವನ್ನೂ (ಎರಡು ಕಂಬಗಳ ನಡುವಿನ ಭಾಗವನ್ನು) ಪ್ರತ್ಯೇಕವಾಗಿ ಪರೀಕ್ಷಿಸಿ, ಸುಣ್ಣದ ಗಾರೆಯನ್ನೇ ತುಂಬಿ, ಕೊಳೆತ ತೊಲೆಗಳನ್ನು ಮಾತ್ರ ಬದಲಿಸಬಹುದು. ಬಿದ್ದ ಭಾಗವನ್ನು ತೋರಿಸಿ ನಿಂತ ಭಾಗಕ್ಕೂ ಅದೇ ತೀರ್ಪು ಕೊಡುವುದು ಎಂಜಿನಿಯರಿಂಗ್ ಅಲ್ಲವೆಂದು ನನ್ನ ದೃಢ ಅಭಿಪ್ರಾಯ.

ವೀಳ್ಯದೆಲೆ ವ್ಯಾಪಾರಿಯ ಮಗ:
ಮಾನ್ಯರೇ, ನಮ್ಮ ಭಯವೇ ಬೇರೆ. ಮಾರುಕಟ್ಟೆಯೆಂದರೆ ನಮಗೆ ಕಮಾನುಗಳಷ್ಟೇ ಅಲ್ಲ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಕುಂಕುಮದ ರಾಶಿಗಳ ನಡುವೆ ಯಾವ ಗಿರಾಕಿ ಯಾವ ಸಾಲಿಗೆ ಬರುತ್ತಾರೆಂಬ ತಲೆಮಾರುಗಳ ರೂಢಿಯೂ ಹೌದು. ತಾತ್ಕಾಲಿಕವೆಂದು ಒಮ್ಮೆ ಹೊರಗೆ ಕಳಿಸಿದರೆ ಮರಳಿ ಅದೇ ಜಾಗ, ತಾಳಿಕೊಳ್ಳಬಲ್ಲ ಬಾಡಿಗೆ ಸಿಗುತ್ತದೆಂದು ನಂಬುವುದು ಹೇಗೆ? ಬಾಡಿಗೆದಾರರಲ್ಲಿ ಅನೇಕರು ನೆಲಸಮವನ್ನು ವಿರೋಧಿಸಿದ್ದಕ್ಕೆ ಇದೂ ಕಾರಣ.

ಬೆಂಗಳೂರಿನ ಓದುಗ:
ನಾಗರಿಕರ ಒತ್ತಡ ವ್ಯರ್ಥವಲ್ಲ. 2014ರಲ್ಲಿ ನಮ್ಮ ಬೆಂಗಳೂರಿನ ಹಳೆಯ ಸರ್ಕಾರಿ ಕಟ್ಟಡವಾದ ಬಾಲಬ್ರೂಯಿ ಅತಿಥಿಗೃಹದ ಆವರಣದಲ್ಲಿ ಶಾಸಕರ ಕ್ಲಬ್ ಮಾಡುವ ಪ್ರಸ್ತಾಪಕ್ಕೆ ಜನ ಬೀದಿಗಿಳಿದು ತಡೆಯೊಡ್ಡಿದರು. ಆದರೆ 2017ರ ನವೆಂಬರ್‌ನಲ್ಲಿ ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣವನ್ನು ಕೆಡವಿದರು. ಅದು ವರ್ಷಗಳ ಕಾಲ ಶಿಥಿಲಗೊಳ್ಳುತ್ತಿದ್ದುದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಮುಂಬೈಗೆ 1995ರಲ್ಲೇ ಪರಂಪರೆಯ ಕಟ್ಟಡಗಳ ನಿಯಮಾವಳಿ ಬಂದು, ಪಟ್ಟಿಗೆ ಸೇರಿದ ಕಟ್ಟಡಗಳನ್ನು ಕೆಡವಲು ಸಮಿತಿಯ ಅಭಿಪ್ರಾಯ ಕೇಳುವ ಕ್ರಮ ಶುರುವಾಯಿತು.

ಸಿವಿಲ್ ಎಂಜಿನಿಯರ್:
ಅಂಕಣವಾರು ಪರೀಕ್ಷೆಗೆ ನನ್ನ ತಕರಾರಿಲ್ಲ, ಆದರೆ ಅದು ನಡೆಯುವಾಗ ಅಪಾಯದ ಸಾಲುಗಳನ್ನು ಮುಚ್ಚಲೇಬೇಕು.

ವೀಳ್ಯದೆಲೆ ವ್ಯಾಪಾರಿಯ ಮಗ:
ಮುಚ್ಚಲಿ. ಅದಕ್ಕೂ ಮೊದಲು, ದುರಸ್ತಿ ಮುಗಿದ ಮೇಲೆ ಅದೇ ಮಳಿಗೆ ನಮಗೇ ಎಂಬ ಲಿಖಿತ ಒಪ್ಪಂದ ಪ್ರತಿ ಬಾಡಿಗೆದಾರನ ಕೈಗೂ ಸೇರಲಿ.