ಡಿಸೆಂಬರಿನ ಹಡಗು ಪ್ರವಾಸ: ಕಡಲು ಕೆರಳಿದರೆ ಅಮ್ಮನಿಗೆ ಕಷ್ಟವಾಗುವುದೇ?

ಪ್ರಶ್ನೆ: ನಮಸ್ಕಾರ ಸರ್. ಡಿಸೆಂಬರ್ ಮೊದಲ ವಾರ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ನಾನು, ನಮ್ಮ ಯಜಮಾನರು ಮತ್ತು 68 ವರ್ಷದ ನನ್ನ ತಾಯಿ ಕೋಣೆ ಕಾದಿರಿಸಿದ್ದೇವೆ. ನಾವು ಶಿವಮೊಗ್ಗದವರು. ಅಮ್ಮನಿಗೆ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿಯಾಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗೊಂದರಲ್ಲಿ ಮೇಜು ಕುರ್ಚಿಗಳೆಲ್ಲ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರುವ ವಿಡಿಯೊ ನೋಡಿದಂದಿನಿಂದ ನನಗೂ ನಿದ್ದೆಯಿಲ್ಲ. ಅಷ್ಟೊಂದು ಎತ್ತರದ ಹಡಗು ಮಗುಚಿಕೊಳ್ಳುವುದಿಲ್ಲವೇ? ಟಿಕೆಟ್ ರದ್ದು ಮಾಡಿಬಿಡಲೇ?

ಉತ್ತರ (ನಿವೃತ್ತ ಹಡಗು ಅಧಿಕಾರಿ, ಕುಂದಾಪುರ): ನಮಸ್ಕಾರ. ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ, ಹಡಗಿಗೆ ಅಪಾಯವಿದೆಯೇ ಎಂಬುದೊಂದು, ತಾಯಿಯವರಿಗೆ ತೊಂದರೆಯಾಗುವುದೇ ಎಂಬುದು ಇನ್ನೊಂದು. ಭಯದಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಕಣ್ಣಿಗೆ ಕಾಣುವ ಮೇಲಿನ ಅಂತಸ್ತುಗಳು ಹಡಗಿನ ಹಗುರವಾದ ಭಾಗ. ಎಂಜಿನ್, ಇಂಧನ ಮತ್ತು ನೀರಿನ ತೊಟ್ಟಿಗಳ ಭಾರವೆಲ್ಲ ತಳದಲ್ಲಿರುತ್ತದೆ. ಆದ್ದರಿಂದ ಹಡಗು ಒಂದು ಬದಿಗೆ ವಾಲಿದರೂ ತಾನಾಗಿಯೇ ನೆಟ್ಟಗಾಗುತ್ತದೆ, ಮತ್ತು ಪ್ರಯಾಣಿಕರ ಹಡಗುಗಳನ್ನು ಹೀಗೆ ನೆಟ್ಟಗಾಗುವಾಗ ಎಗರದೆ ನಿಧಾನವಾಗಿ ಓಲಾಡುವಂತೆಯೇ ಕಟ್ಟಿರುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ್ದು ಅಲೆಯೇ ಇಲ್ಲದ ಶಾಂತ ಕಡಲಿನಲ್ಲಿ. 2012ರಲ್ಲಿ ಇಟಲಿಯ ಗಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿದ್ದು ಬಂಡೆಗೆ ಬಡಿದು, ಬಿರುಗಾಳಿಗೆ ಸಿಕ್ಕಿ ಅಲ್ಲ. ಹಾಗಾಗಿ ಹೊರಡುವ ದಿನ ನಡೆಸುವ ಸುರಕ್ಷಾ ತಾಲೀಮನ್ನು ತಪ್ಪಿಸಬೇಡಿ. ಅಲೆಗಳಿಗೆ ಹೆದರುವುದಕ್ಕಿಂತ, ಜೀವರಕ್ಷಕ ಜಾಕೆಟ್ ಎಲ್ಲಿದೆ, ತಾವು ಸೇರಬೇಕಾದ ಜಾಗ ಯಾವುದು ಎಂದು ತಾಯಿಯವರೂ ತಿಳಿದಿರುವುದು ಮುಖ್ಯ.

ಇನ್ನು ಋತುವಿನ ವಿಚಾರ. ಅರಬ್ಬೀ ಸಮುದ್ರ ನಿಜವಾಗಿ ಕೆರಳಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ನೂಲ ಹುಣ್ಣಿಮೆಯಂದು ಸಮುದ್ರ ಪೂಜೆ ನಡೆಯುತ್ತದೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಕಡಲು ಸೌಮ್ಯವಾಗಿರುತ್ತದೆ. ಆದರೆ ಚಂಡಮಾರುತದ ಕಾಲ ಆಗ ಪೂರ್ತಿ ಮುಗಿದಿರುವುದಿಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. 2017ರಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹಾದುಹೋದದ್ದು ನೀವು ಆರಿಸಿಕೊಂಡ ಇದೇ ಡಿಸೆಂಬರ್ ಮೊದಲ ವಾರದ ಆಸುಪಾಸಿನಲ್ಲಿ. ಅಂಥ ಮುನ್ಸೂಚನೆ ಬಂದರೆ ಹಡಗು ದಾರಿ ಬದಲಿಸುತ್ತದೆ, ಇಲ್ಲವೇ ಹೊರಡುವುದೇ ಇಲ್ಲ. ದಿನಾಂಕ ಬದಲಿಸಲು ಅವಕಾಶವಿದ್ದರೆ ಫೆಬ್ರವರಿ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ರದ್ದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಹೊರಡುವ ಮೂರು ದಿನ ಮೊದಲು ಅದನ್ನು ನೋಡಿದರೆ ಸಾಕು, ತಿಂಗಳ ಮೊದಲಿನಿಂದ ನೋಡುತ್ತಾ ಕುಳಿತರೆ ಆತಂಕವಷ್ಟೇ ಹೆಚ್ಚಾಗುತ್ತದೆ.

ಪ್ರಶ್ನೆ: ತುಂಬಾ ಧನ್ಯವಾದಗಳು ಸರ್. ನಮ್ಮ ಕೋಣೆ ಒಂಬತ್ತನೇ ಅಂತಸ್ತಿನಲ್ಲಿ, ಮೂತಿಯ ಕಡೆಗಿದೆ. ನೋಟ ಚೆನ್ನಾಗಿರುತ್ತದೆ ಎಂದು ಹೆಚ್ಚು ಹಣ ಕೊಟ್ಟೆವು. ಅಮ್ಮನಿಗೆ ವಾಂತಿ ತಡೆಯುವ ಅವೋಮಿನ್ ಮಾತ್ರೆ ಕೊಡಬಹುದೇ? ದ್ವೀಪದಲ್ಲಿ ಇಳಿಯುವುದು ಹೇಗೆ?

ಉತ್ತರ: ದಯವಿಟ್ಟು ಆ ಕೋಣೆಯನ್ನು ಬದಲಿಸಿಕೊಳ್ಳಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರು ಎಗರುವ ಹಾಗೆ, ಹಡಗಿನಲ್ಲಿಯೂ ತುದಿಗಳು ಹೆಚ್ಚು ಏರಿಳಿಯುತ್ತವೆ, ಎತ್ತರ ಹೋದಷ್ಟೂ ಓಲಾಟ ಹೆಚ್ಚು. ಕೆಳಗಿನ ಅಂತಸ್ತಿನಲ್ಲಿ ನಡುಮಧ್ಯದ ಕೋಣೆ ಅಗ್ಗವೂ ಹೌದು, ನಿಮ್ಮ ತಾಯಿಗೆ ಹಿತವೂ ಹೌದು.

ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಆದರೆ ಅದು ಮಂಪರು ತರಿಸುತ್ತದೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ ಸಲ್ಲದಿರಬಹುದು. ಈ ವಯಸ್ಸಿನಲ್ಲಿ ಬೇರೆ ಮಾತ್ರೆಗಳೂ ಇರುತ್ತವೆ, ಆದ್ದರಿಂದ ಅವರನ್ನು ನೋಡುವ ವೈದ್ಯರೇ ತೀರ್ಮಾನಿಸಲಿ. ಹೊಟ್ಟೆ ಖಾಲಿ ಬಿಡಬಾರದು. ಡೆಕ್ಕಿನ ಮೇಲೆ ನಿಂತು ದೂರದ ದಿಗಂತ ನೋಡಲಿ, ಅದಾಗದಿದ್ದರೆ ಕಣ್ಣು ಮುಚ್ಚಿ ಮಲಗಲಿ. ಮೊಬೈಲ್ ಮಾತ್ರ ಬೇಡ.

ನೀವು ಕೊನೆಗೆ ಕೇಳಿದ್ದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿದು ದ್ವೀಪಕ್ಕೆ ಹೋಗಬೇಕು. ಓಲಾಟ ತಗ್ಗಿಸಲೆಂದು ಹಡಗಿನ ಇಕ್ಕೆಲಗಳಲ್ಲಿ ನೀರಿನೊಳಗೆ ಚಾಚುವ ರೆಕ್ಕೆಗಳು ಸಾಮಾನ್ಯವಾಗಿ ಹಡಗು ವೇಗವಾಗಿ ಸಾಗುವಾಗ ಮಾತ್ರ ಕೆಲಸ ಮಾಡುತ್ತವೆ. ಹಾಗಾಗಿ ರಾತ್ರಿಯಿಡೀ ಅಲ್ಲಾಡದೆ ಬಂದ ಹಡಗು ನಿಂತ ಕೂಡಲೇ ತೂಗಾಡಲು ತೊಡಗಬಹುದು. ಬಾಗಿಲ ಹೊಸ್ತಿಲಿನ ಪಕ್ಕದಲ್ಲಿ ದೋಣಿ ಒಮ್ಮೆ ಮೊಣಕಾಲಿನ ಮಟ್ಟಕ್ಕೆ ಏರಿದರೆ ಮರುಕ್ಷಣ ಅಷ್ಟೇ ಕೆಳಗೆ ಕುಸಿಯುತ್ತದೆ. ತಾಯಿಯವರ ಕೈಯಲ್ಲಿ ಚೀಲವಿರಬಾರದು, ಸೀರೆಯ ಬದಲು ಚೂಡಿದಾರ್ ಉಟ್ಟಿದ್ದರೆ ಅನುಕೂಲ. ನಾವಿಕರು ಎರಡೂ ಮುಂಗೈ ಹಿಡಿದುಕೊಳ್ಳುತ್ತಾರೆ. ದೋಣಿ ಏರಿ ಹೊಸ್ತಿಲಿಗೆ ಸಮವಾದ ಗಳಿಗೆಯಲ್ಲಿ ಅವರು ಹೇಳಿದಾಗ ಒಂದೇ ಹೆಜ್ಜೆ ಇಡಬೇಕು. ಇಳಿಯುತ್ತಿರುವ ದೋಣಿಗೆ ಎಂದಿಗೂ ಹಾರಬಾರದು. ನನ್ನ ಸೇವೆಯ ಕಾಲದಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ನಡುಗಡಲಿನಲ್ಲಿ ಆದವಲ್ಲ, ಆತುರದಲ್ಲಿಟ್ಟ ಈ ಒಂದು ಹೆಜ್ಜೆಯಿಂದ ಆದವು.

ತಾಯಿಯವರ ಮಂಡಿ ಗಟ್ಟಿಯಾಗಿದೆಯೇ? ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುವವರಾದರೆ, ಆ ದಿನ ಅವರೊಂದಿಗೆ ನಿಮ್ಮಲ್ಲೊಬ್ಬರು ಹಡಗಿನಲ್ಲೇ ಉಳಿಯುವುದೆಂದು ಮನೆಯಲ್ಲಿಯೇ ಮಾತಾಡಿಕೊಂಡು ಹೊರಡಿ.