‘ಕರೆಂಟ್ ಕೊಡೋದು’, ‘ಒಟ್ಟಿಗೆ ಕೊಡೋದು’: ಕರಪತ್ರಕ್ಕೆ ಯಾವ ಮಾತು?

ಗೆಳೆಯರಿಗೆ ನಮಸ್ಕಾರ.

ಸ್ತನ ಕ್ಯಾನ್ಸರ್ ಮಿದುಳಿಗೆ ಹಬ್ಬಿದವರ ಮನೆಯವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಮೈಸೂರು, ಮಂಡ್ಯದ ಹಳ್ಳಿಯವರು. ಎರಡು ಕಡೆ ನಿಮ್ಮ ಸಹಾಯ ಬೇಕು.

ರೇಡಿಯೇಷನ್‌ಗೆ ಬರಹದಲ್ಲಿ ‘ವಿಕಿರಣ ಚಿಕಿತ್ಸೆ’ ಇದೆ. ನಮ್ಮ ಕಡೆ ಮಾತಲ್ಲಿ ‘ಕರೆಂಟ್ ಕೊಡೋದು’. ಎದೆಗೆ ಕೊಡುವಾಗ ಈ ಮಾತು ಹೇಗೋ ನಡೆದುಹೋಗುತ್ತದೆ. ತಲೆಗೆ ಕರೆಂಟ್ ಅಂದ ಕೂಡಲೇ ಜನ ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಅಂದುಕೊಂಡು ಹೆದರುತ್ತಾರೆ. ಇಲ್ಲಿ ಮೈಗೆ ವಿದ್ಯುತ್ ಹರಿಸುವುದೇ ಇಲ್ಲ. ಇದು ಎಕ್ಸ್‌ರೇ ಜಾತಿಯ, ಅದಕ್ಕಿಂತ ತುಂಬಾ ಜೋರಾದ ಕಿರಣ. ಕೊಡುವಾಗ ನೋವಾಗುವುದಿಲ್ಲ. ಇಡೀ ಮಿದುಳಿಗಾದರೆ ಸಾಮಾನ್ಯವಾಗಿ 10 ಸಲಕ್ಕೆ ಹಂಚಿ ಒಟ್ಟು 30 ಗ್ರೇ (ಗ್ರೇ ಅಂದರೆ ಕಿರಣದ ಪ್ರಮಾಣದ ಅಳತೆ). ಗಂಟು ಒಂದೆರಡೇ ಇದ್ದರೆ ಅಷ್ಟಕ್ಕೇ ಗುರಿಯಿಟ್ಟು ಕೊಡುವುದೂ ಇದೆ. ‘ಕಿರಣ ಕೊಡೋದು’ ಅಂತ ಬರೆದರೆ ಹಳ್ಳಿಯವರಿಗೆ ತಿಳಿಯುತ್ತದಾ?

ಇನ್ನೊಂದು ಇದಕ್ಕಿಂತ ಕಷ್ಟದ್ದು. ‘ಕಿಮೋನೂ ಕರೆಂಟೂ ಒಟ್ಟಿಗೆ ಕೊಡ್ತಾರಾ?’ ಅಂತ ಮನೆಯವರು ಕೇಳುತ್ತಾರೆ. ಕಿರಣ ನಡೆಯುತ್ತಿರುವ ದಿನಗಳಲ್ಲೇ ಔಷಧಿಯೂ ನಡೆದರೆ ಅದು ‘ಒಟ್ಟಿಗೆ’. ಕಿರಣ ಮುಗಿದ ಮೇಲೆ ಔಷಧಿ ಶುರುವಾದರೂ, ಎರಡೂ ಕೊಟ್ಟರು ಅನ್ನುವ ಅರ್ಥದಲ್ಲಿ ಅದೂ ‘ಒಟ್ಟಿಗೆ’. ರೋಗಿಗೆ ಮಾತ್ರ ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಸುಸ್ತು, ವಾಂತಿ ಜಾಸ್ತಿ ಆಗಬಹುದು. ಅದೂ ಅಲ್ಲದೆ ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ಹಲವು ಕಿಮೋ ಔಷಧಿಗಳು ಅದನ್ನು ದಾಟಿ ಸಾಕಷ್ಟು ಒಳಗೆ ಹೋಗುವುದಿಲ್ಲ. ಟೆಮೊಜೊಲೊಮೈಡ್ ಅನ್ನುವ ಕಿಮೋ ಔಷಧಿ ದಾಟುತ್ತದೆ. ಮಿದುಳಲ್ಲೇ ಹುಟ್ಟುವ ಗ್ಲಿಯೋಬ್ಲಾಸ್ಟೋಮ ಅನ್ನುವ ಕ್ಯಾನ್ಸರಿಗೆ ಅದನ್ನು ಕಿರಣದ ಜೊತೆಗೇ ಕೊಡುವುದು ರೂಢಿ. ಸ್ತನದಿಂದ ಹಬ್ಬಿದ ಗಂಟಿಗೆ ಹಾಗೆ ಕೊಟ್ಟು ನೋಡಿದಾಗ ಅಂಥ ಅನುಕೂಲ ಕಾಣಲಿಲ್ಲ. ಹಾಗಾಗಿ ಹೆಚ್ಚಿನವರಿಗೆ ಒಂದಾದ ಮೇಲೆ ಒಂದು.

ಇದೇ ಕಾರಣಕ್ಕೆ ‘ಮಿದುಳಿನ ಕ್ಯಾನ್ಸರ್’ ಅಂತ ಬರೆಯುವುದನ್ನೂ ಬಿಟ್ಟಿದ್ದೇನೆ. ಮಿದುಳಲ್ಲಿದ್ದರೂ ಅವು ಸ್ತನ ಕ್ಯಾನ್ಸರಿನ ಕೋಶಗಳೇ. ಔಷಧಿ ಆರಿಸುವುದೂ ಅದನ್ನು ನೋಡಿಕೊಂಡೇ.

‘ಸಂಯೋಜಿತ ಚಿಕಿತ್ಸೆ’ ನನಗೆ ಬೇಡ. ಕೇಳಲು ದೊಡ್ಡದು, ಆದರೆ ಯಾವುದು ಯಾವಾಗ ಅಂತ ಹೇಳುವುದಿಲ್ಲ. ಮೊದಲ ಬಗೆಗೆ ‘ಜೊತೆಜೊತೆಗೆ’, ಎರಡನೆಯದಕ್ಕೆ ‘ಒಂದಾದ ಮೇಲೊಂದು’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಜೊತೆಜೊತೆಗೆ’ ಅಂದರೆ ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ಅಂತ ಯಾರಾದರೂ ತಿಳಿದಾರಾ? ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರು, ಅದರಲ್ಲೂ ವಾರ್ಡಿನಲ್ಲಿ ಕೆಲಸ ಮಾಡಿದ ಸಿಸ್ಟರ್‌ಗಳು, ನೀವು ಆಡುವ ಮಾತನ್ನೇ ಬರೆದು ಕಳಿಸಿ.